ಜೆಲ್ಲಿ ಮಾವನ ಔಷಧ

ಆಸ್ಪತ್ರೆಯ ಪ್ರಯೋಗಾಲಯದಲ್ಲಿ ನನ್ನ ಸೋದರಮಾವನಿಗೆ ಜೆಲ್ಲಿ ಎಂದೇ ಹೆಸರು. ಎರಡು ಗಾಜಿನ ಹಲಗೆಗಳ ನಡುವೆ ಜೆಲಟಿನ್ ಬೆರೆಸಿದ ಜೆಲ್ಲಿ ಹೊಯ್ಯುವುದೇ ಅವನ ಕೆಲಸ. ಹೊಟ್ಟೆಯ ಕ್ಯಾನ್ಸರ್ ಗಡ್ಡೆ ಒಂದು ಬಗೆಯ ಕಿಣ್ವ ಉಗುಳುತ್ತದೆ. ಅದು ಸುತ್ತಲಿನ ಅಂಗಾಂಶವನ್ನು ಕರಗಿಸಿ ಗಡ್ಡೆಗೆ ದಾರಿ ಮಾಡಿಕೊಡುತ್ತದೆ. ಆ ಕಿಣ್ವವನ್ನು ಜೆಲ್ಲಿಯೊಳಗೆ ಹರಿಸಿ, ಆಮೇಲೆ ನೀಲಿ ಬಣ್ಣದಲ್ಲಿ ಅದ್ದಿದರೆ, ಕಿಣ್ವ ತಿಂದುಹಾಕಿದ ಜಾಗ ಮಾತ್ರ ಬಣ್ಣ ಹಿಡಿಯದೆ ಬೆಳ್ಳಗೆ ಉಳಿಯುತ್ತದೆ. ಮಾವನ ಕೈ ಚೊಕ್ಕ. ಅವನು ಹೊಯ್ದ ಜೆಲ್ಲಿಯಲ್ಲಿ ಒಂದು ಗುಳ್ಳೆಯೂ ಇರುತ್ತಿರಲಿಲ್ಲ. ಬುದ್ಧಿಯೂ ಅಷ್ಟೇ ಚೊಕ್ಕವಾಗಿದ್ದಿದ್ದರೆ ನಾನಿದನ್ನು ಬರೆಯುತ್ತಿರಲಿಲ್ಲ.

ಒಂದು ದಿನ ಕಿಣ್ವಕ್ಕೆ ದಾಳಿಂಬೆಯ ಸಾರ ಬೆರೆಸಿ ನೋಡಿದರು. ಬಿಳಿ ಪಟ್ಟೆ ಮಾಯ! ಹಣ್ಣಿನ ಆಂಟಿಆಕ್ಸಿಡೆಂಟ್ ಕಿಣ್ವದ ಬಾಯಿ ಕಟ್ಟಿತ್ತು. "ಇದು ಗಾಜಿನ ಮೇಲೆ ಅಷ್ಟೆ. ಕುಡಿದ ರಸ ಗಡ್ಡೆ ಮುಟ್ಟೋ ಹೊತ್ತಿಗೆ ಎಷ್ಟು ಉಳಿಯುತ್ತೋ ಯಾರಿಗೆ ಗೊತ್ತು?" ಎಂದರು ಪ್ರಯೋಗಾಲಯದ ಮೇಡಂ. ಮಾವ ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಟ್ಟ.

ಏಕೆಂದರೆ ಅದೇ ವಾರ ನನ್ನ ಅಮ್ಮನ, ಅಂದರೆ ಅವನ ಅಕ್ಕನ, ಹೊಟ್ಟೆಯಲ್ಲಿ ಗಡ್ಡೆ ಸಿಕ್ಕಿತ್ತು. ಇನ್ನೂ ಚಿಕ್ಕದು, ಈಗಲೇ ತೆಗೆದರೆ ಬದುಕುತ್ತಾರೆ ಎಂದು ವೈದ್ಯರು ಹೇಳಿದ್ದರು. ಆಪರೇಷನ್ ಎಂಬ ಮಾತು ಕೇಳಿಯೇ ಅಮ್ಮನ ಜೀವ ಬಾಯಿಗೆ ಬಂದಿತ್ತು.

"ಸ್ವಲ್ಪ ತಡಿ ಅಕ್ಕಾ. ನಾನೇ ಕಣ್ಣಾರೆ ನೋಡಿದ್ದೀನಿ" ಎಂದ ಮಾವ. ಅಮ್ಮನಿಗೆ ಅಷ್ಟೇ ಬೇಕಾಗಿತ್ತು.

ನಾನು ಜಗಳಾಡಿದೆ, ಅತ್ತು ಕರೆದೆ. "ನಿನಗಿಂತ ಅವನಿಗೆ ಗೊತ್ತು, ಸುಮ್ನಿರೇ" ಎಂದಳು ಅಮ್ಮ. ದಿನಾ ಬೆಳಿಗ್ಗೆ ಕೆಲಸಕ್ಕೆ ಹೋಗುವ ದಾರಿಯಲ್ಲಿ ಮಾವ ಫ್ಲಾಸ್ಕಿನಲ್ಲಿ ದಾಳಿಂಬೆ ರಸ ಕೊಟ್ಟುಹೋಗುತ್ತಿದ್ದ. ಆಪರೇಷನ್ ಮುಂದಕ್ಕೆ ಹೋಯಿತು, ಮತ್ತೆ ಮುಂದಕ್ಕೆ ಹೋಯಿತು. ಗಡ್ಡೆ ಕಾಯುತ್ತ ಕೂರಲಿಲ್ಲ. ಹೊಟ್ಟೆಯ ಗೋಡೆ ಕೊರೆದು ಯಕೃತ್ತಿಗೆ ಇಳಿಯಿತು. ಅದೇ ವೈದ್ಯರು ಸ್ಕ್ಯಾನ್ ನೋಡಿ ಕೈಚೆಲ್ಲಿದರು.

ಅಮ್ಮನನ್ನು ಸ್ಮಶಾನಕ್ಕೆ ಕಳಿಸಿಕೊಟ್ಟು, ಬಂದವರೆಲ್ಲ ಹೊರಟ ಮೇಲೆ ಮಾವ ಅಡುಗೆಮನೆಗೆ ಬಂದ. ನನ್ನ ಮುಖ ನೋಡಲಿಲ್ಲ.

"ಒಂದು ಕೇಳ್ಲಾ? ಅಕ್ಕ ನಾನು ಕೊಟ್ಟಿದ್ದನ್ನ ಪೂರ್ತಿ ಕುಡೀತಿರ್ಲಿಲ್ಲ, ಅಲ್ವಾ? ವಾಂತಿ ಬರುತ್ತೆ ಅಂತ ಸಿಂಕಿಗೆ ಚೆಲ್ತಿದ್ಳು, ಅಲ್ವಾ?"

ಹೌದು ಎಂದಿದ್ದರೆ ಅವನು ನಿರಾಳವಾಗಿ ಮನೆಗೆ ಹೋಗಿ ಮಲಗುತ್ತಿದ್ದ. ನನಗೆ ಮೈಯೆಲ್ಲ ಉರಿಯಿತು.

"ಒಂದು ಹನಿ ಬಿಡ್ತಿರ್ಲಿಲ್ಲ ಮಾವ. ವಾಂತಿ ಆದ್ರೆ ಬಾಯಿ ತೊಳ್ಕೊಂಡು ಮತ್ತೆ ಕುಡೀತಿದ್ಳು. ತಮ್ಮ ಕೊಟ್ಟಿದ್ದು ಅಂತ."