ಹುಮನಾಬಾದಿನ ಲಾರ್ಡ್ ಸಾಹೇಬರು

ಹುಮನಾಬಾದಿನ ತೊಗರಿ ವ್ಯಾಪಾರಿ ಮಹಾರುದ್ರಪ್ಪನವರು ಲಂಡನ್ನಿಗೆ ಹೋಗಿ, ಅಂಗಡಿ ಹಾಕಿ, ಬ್ಯಾಂಕು ಕಟ್ಟಿ, ಕೊನೆಗೆ ಅಲ್ಲಿನ ಅರಮನೆಯಿಂದ ಲಾರ್ಡ್ ಪದವಿಯನ್ನೇ ಪಡೆದ ಮಹಾಪುರುಷರು. ಬ್ಯಾಂಕಿಗೆ ಬಂದ ದೊಡ್ಡ ದೊಡ್ಡ ದೊರೆಗಳನ್ನೂ ತೊಗರಿಕಾಳು ಕಡಿದು ನೋಡುವವರಂತೆ ಪರೀಕ್ಷಿಸುತ್ತಾರೆ. ಊರಿಗೆ ಬಂದರೆ ಸುಡುಬಿಸಿಲಲ್ಲೂ ಕೋಟು ಬಿಚ್ಚುವುದಿಲ್ಲ. ಎದುರಾದವರಿಗೆ ಕೈ ಕುಲುಕಬೇಕೋ ಮುಗಿಯಬೇಕೋ ತಿಳಿಯದೆ ಎರಡನ್ನೂ ಒಟ್ಟಿಗೇ ಮಾಡುತ್ತಾರೆ. ಈ ಗೊಂದಲವೆಲ್ಲ ಕಳೆಯುವುದು ಬಸವಕಲ್ಯಾಣದ ಅಕ್ಕ ಭಾಗಮ್ಮನ ಒಲೆಯ ಮುಂದೆ ಮಾತ್ರ. ಅಲ್ಲಿ ನೆಲಕ್ಕೆ ಕೂತು, "ಲೇ ರುದ್ರ್ಯಾ, ಕೈ ತೊಳಕೊಂಡಿ ಏನ?" ಎಂದು ಬೈಸಿಕೊಂಡು ಬಿಸಿ ರೊಟ್ಟಿ ತಿನ್ನಲೆಂದೇ ಅವರು ವರ್ಷಕ್ಕೊಮ್ಮೆ ಸಮುದ್ರ ದಾಟುತ್ತಾರೆ. ಈ ಸಲ ಲಾರ್ಡ್ ಪದವಿಯ ಸುದ್ದಿ ಕೇಳಿದ್ದ ಭಾಗಮ್ಮ ಪಕ್ಕದ ಮನೆಯಿಂದ ಕುರ್ಚಿ ತರಿಸಿಟ್ಟು, ತಲೆ ತುಂಬ ಸೆರಗು ಹೊದ್ದು, "ಕೂಡ್ರಿ ಸಾಹೇಬ್ರ," ಎಂದಳು. ಲಾರ್ಡ್ ಸಾಹೇಬರು ಕುರ್ಚಿಯನ್ನೊಮ್ಮೆ, ಅಕ್ಕನನ್ನೊಮ್ಮೆ ನೋಡಿ ಬಾಗಿಲಲ್ಲೇ ನಿಂತರು. "ಅಕ್ಕಾ, ನಾ ಏನ್ ತಪ್ಪ ಮಾಡೀನಿ ಬೇ?"