ಹೊತ್ತು ಹುಟ್ಟಿದಾಗಿಂದ ಕಾಯಾಕತ್ತಿದ್ದೆ

ಬಿರುಕು ಬಿಟ್ಟ ಎರೆಹೊಲಕ್ಕೆ ಕಾಲುವೆ ನೀರು ಹೊಕ್ಕಾಗ ಒಂದು ವಾಸನೆ ಏಳುತ್ತದೆ. ಮಳೆಯ ವಾಸನೆಗಿಂತ ಭಾರ, ಹಸಿ ಶೇಂಗಾದ ಹಾಗೆ. ಮೊನ್ನೆ ಬಸ್ಸು ಶಹಾಪುರ ದಾಟುವಾಗ ಅದು ಕಿಟಕಿಯಿಂದ ಒಳಗೆ ಬಂತು, ನಾನು ಮನಸ್ಸಿನಲ್ಲೇ ದೋರನಹಳ್ಳಿಯ ಮಾಳಿಗೆ ಮನೆಗೆ ಹೋಗಿಬಿಟ್ಟೆ. ಆ ಮನೆ ಈಗಿಲ್ಲ. ಅಲ್ಲಿ ಟ್ರ್ಯಾಕ್ಟರ್ ಸಾಮಾನಿನ ಅಂಗಡಿ ಎದ್ದಿದೆ. ಬಾಗಿಲು ಎಲ್ಲಿತ್ತೆಂದು ಅಂಗಡಿಯ ಗೋಡೆಯಲ್ಲಿ ಹುಡುಕುವ ಸಂಕಟ ನಿಮಗೂ ಗೊತ್ತಿದ್ದೀತು.

ಅಪ್ಪನಿಗೆ ಸೈದಾಪುರದಲ್ಲಿ ಕೆಲಸವಾದ್ದರಿಂದ ನನ್ನನ್ನು ಚಿಕ್ಕಂದಿನಲ್ಲಿ ಆ ಮನೆಯಲ್ಲಿ ಬಿಟ್ಟಿದ್ದರು. ಮನೆಯಲ್ಲಿ ನಾವು ಮೂವರೇ: ಅವ್ವನನ್ನು ಹೆತ್ತ ಆಯಿ, ಅವ್ವನ ತಂಗಿ ನೀಲಾ ಚಿಗವ್ವ, ನಾನು. ಚಿಗವ್ವನಿಗೆ ಶಾಲೆಯ ಟೀಚರ್ ಆಗುವ ಆಸೆ. ಆದರೆ ಮೆಟ್ರಿಕ್‌ನಲ್ಲಿ ಇಂಗ್ಲಿಷ್ ಒಂದರಲ್ಲೇ ಡುಮ್ಕಿ ಹೊಡೆದು ಕೂತಿದ್ದಳು. "ಈ ಸಲಾನೂ ಫೇಲಾದಿ ಅಂದ್ರ ಕೊಡೇಕಲ್ಲಿನ ಗಂಡಿಗಿ ಹೂಂ ಅಂತೀನಿ ನೋಡು" ಎಂದು ಆಯಿ ದಿನಾ ಹೆದರಿಸುತ್ತಿದ್ದಳು. ಆ ಮಾತು ಬಂದಾಗೆಲ್ಲ ಚಿಗವ್ವನ ಮುಖ ಬಾಡಿಹೋಗುತ್ತಿತ್ತು. ಅವಳ ದೊಡ್ಡ ವೈರಿ ಇಂಗ್ಲಿಷ್ ವ್ಯಾಕರಣದ ಪಾಸ್ಟ್ ಪರ್ಫೆಕ್ಟ್ ಕಂಟಿನ್ಯೂಯಸ್. "ಆಡಾಕತ್ತಿದ್ರು ಅನ್ನಾಕ ವಾಜ್, ವರ್ ಅದಾವಲ್ಲ? ಈ ಹ್ಯಾಡ್ ಬೀನ್ ಯಾಕ ಬೇಕು?" ಎಂದು ಪಾತ್ರೆ ತಿಕ್ಕುತ್ತ ಪುಸ್ತಕದ ಜೊತೆಗೇ ಜಗಳಕ್ಕೆ ನಿಲ್ಲುತ್ತಿದ್ದಳು. ಅವಳು ಕೇಳಿದ್ದೂ ಸರಿಯೇ. 'ಮಾಡಾಕತ್ತಿದ್ದೆ' ಎಂದರೆ ನಮ್ಮ ಕಡೆ ಎಲ್ಲಾ ಮುಗಿಯಿತು. ಆಗತಾನೆ ಹಿಡಿದ ಕೆಲಸವೋ ಮುಂಜಾನೆಯಿಂದ ಹಿಡಿದದ್ದೋ, ಅದೊಂದೇ ಮಾತಿನಿಂದ ತಿಳಿಯುವುದಿಲ್ಲ.

ಅದೇ ವರ್ಷ ನಮ್ಮ ಹೊಲದ ಅಂಚಿಗೆ ಕಾಲುವೆ ಬಂದಿತ್ತು, ನೀರು ಬಂದಿರಲಿಲ್ಲ. ಇವತ್ತು ಬಿಡುತ್ತಾರೆ, ನಾಳೆ ಬಿಡುತ್ತಾರೆ ಎಂದು ಊರೆಲ್ಲ ಸುದ್ದಿ. ಒಂದು ದಿನ ಆಯಿ ರೊಟ್ಟಿ ಕಟ್ಟಿಕೊಂಡು ಹೋಗಿ ಬದುವಿನ ಮೇಲೆ ಕೂತೇಬಿಟ್ಟಳು. ಸಂಜೆ ಮೊಣಕಾಲತನಕ ಕೆಸರು ಮಾಡಿಕೊಂಡು ಬಂದವಳ ಮುಖದಲ್ಲಿದ್ದಂಥ ಬೆಳಕನ್ನು ನಾನು ಮತ್ತೆ ಕಂಡಿಲ್ಲ. ಉಣ್ಣಲು ಕೂತಾಗ ಹೇಳಿದಳು: "ಹೊತ್ತು ಹುಟ್ಟಿದಾಗಿಂದ ಕಾಯಾಕತ್ತಿದ್ದೆ. ಕಣ್ಣು ಸೋತು ಹೋದ್ವು. ಹೊತ್ತು ಇಳಿದ ಮ್ಯಾಲ ಬಂತು ನೋಡವಾ, ನೀರು!"

ರೊಟ್ಟಿ ಮುರಿಯುತ್ತಿದ್ದ ಚಿಗವ್ವನ ಕೈ ನಿಂತಿತು. "ಹ್ಯಾಡ್ ಬೀನ್ ವೇಟಿಂಗ್!" ಎಂದು ಕಿರುಚಿದಳು.

"ಏನಂದಿ? ನನಗ ಬೈತೀ?"

"ಬೈಲಿಲ್ಲ ಯವ್ವ. ನೀರು ಬಂದಾಗ ನೀ ಏನ್ ಮಾಡಾಕತ್ತಿದ್ದಿ ಅಂತಷ್ಟ ಕೇಳಿದ್ರ ವಾಜ್ ಸಾಕು. ಅದು ಬರೋತನಕ ಎಷ್ಟೊತ್ತಿಂದ ಕಾದಿ ಅಂತ ಹೇಳಬೇಕಾದ್ರ ಹ್ಯಾಡ್ ಬೀನ್ ಬೇಕು. ಎರಡೂ ಆಗಿಹೋದ ಮಾತು. ಒಂದು ಮೊದ್ಲಿಂದ ನಡದದ, ಇನ್ನೊಂದು ಆಮ್ಯಾಲ ಬಂದದ."

ಆಯಿ ಸೊಂಟ ಒತ್ತಿಕೊಂಡಳು. "ಕುಂತು ಕುಂತು ನಡ ಹಿಡಿದದ. ಅದನ್ನ ಹೇಳಾಕ ಬ್ಯಾರೆ ಮಾತು ಇಟ್ಟಾರಂದ್ರ ಇಂಗ್ಲಿಷ್‌ನವ್ರೂ ಬಾಳೇವು ಮಾಡಿದ ಮಂದೀನ ಬಿಡು."

ಆಮೇಲೆ ಮನೆಯೆಲ್ಲ ಹ್ಯಾಡ್ ಬೀನ್. ಬೆಕ್ಕು ಹಾಲಿಗೆ ಹೊಂಚು ಹಾಕಿದ್ದು, ಅಷ್ಟರಲ್ಲಿ ಆಯಿ ಪೊರಕೆ ಹಿಡಿದು ಬಂದದ್ದು, ಎಲ್ಲವನ್ನೂ ಚಿಗವ್ವ ಇಂಗ್ಲಿಷಿಗೆ ತಿರುಗಿಸುವಳು. ನಾನು ಅರ್ಥವಾಗದೆಯೂ ನಗುತ್ತಿದ್ದೆ. ಆ ಸಲ ಚಿಗವ್ವ ಪರೀಕ್ಷೆಯಲ್ಲಿ ಪಾಸಾದಳು. ತರಬೇತಿ ಮುಗಿಸಿ ಸುರಪುರದ ಶಾಲೆಯೊಂದರಲ್ಲಿ ಇಂಗ್ಲಿಷ್ ಕಲಿಸಲು ನಿಂತಳು. ಕೊಡೇಕಲ್ಲಿನ ಗಂಡಿನ ಸುದ್ದಿಯನ್ನು ಮತ್ತೆ ಯಾರೂ ಎತ್ತಲಿಲ್ಲ.

ಆಯಿ ತೀರಿಕೊಂಡಾಗ, ಆ ಸಂಬಂಧ ತಂದಿದ್ದ ಪಕ್ಕದ ಮನೆಯ ಬಸ್ಸಮ್ಮ ನಮ್ಮೊಡನೆ ಕೂತಿದ್ದಳು. "ಅವತ್ತು ಫೇಲಾಗಿದ್ರ ನಾ ಕೊಡೇಕಲ್ ಸೊಸಿ ಆಗ್ತಿದ್ನಿ" ಎಂದಳು ಚಿಗವ್ವ, ಅಳುವಿನ ನಡುವೆಯೇ ನಗುತ್ತ.

"ಎಲ್ಲೀದು?" ಎಂದಳು ಬಸ್ಸಮ್ಮ. "ನಾ ಮಾತು ತಂದ ದಿನಾನ ನಿಮ್ಮವ್ವ ಒಲ್ಲೆ ಅಂದಿದ್ಲು. ಅವ್ರು ಮತ್ತ ಮತ್ತ ಬಂದ್ರು. ನನ್ನ ಮಗಳು ಓದಾಕತ್ತಾಳ, ಹೋಗ್ರಿ ಅಂತ ಕಳಸ್ಕೋತನ ಇದ್ಲು. ನಿನಗ ಹೇಳಬ್ಯಾಡ ಅಂತ ನನ್ನ ಕಡಿಂದ ಆಣಿ ತಗೊಂಡಿದ್ಲು. ಹೆದರಿಕಿ ಹೋದ್ರ ಪುಸ್ತಕ ಮುಚ್ಚಿಡ್ತಾಳ ಅಂತ."

ಚಿಗವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅವಳು ಒಳಗೆ ಜೀವ ಕೈಯಲ್ಲಿ ಹಿಡಿದುಕೊಂಡು ಓದಲು ಕೂತಾಗ, ಅದಕ್ಕೂ ಎಷ್ಟೋ ಮೊದಲಿನಿಂದ ಆಯಿ ಬಾಗಿಲಲ್ಲಿ ನಿಂತು, ಬಂದವರನ್ನು ಹಿಂದಕ್ಕೆ ಕಳಿಸುತ್ತಲೇ ಇದ್ದಳು.