ಗಮಾನ ಎಡಗೈ, ನೇರಿಯ ಹಟ

ಕಪ್ಪೆಗಳು ಸುಮ್ಮನಾಗಿವೆ. ಎದುರಿನ ವೆಲ್ಡಿಂಗ್ ಅಂಗಡಿಯವನು ಇನ್ನೂ ಬಾಗಿಲು ತೆಗೆದಿಲ್ಲ. ಪೋರ್ಟೊ ರಿಕೊದ ವಿಯಾ ಪಾಲ್ಮೆರಾಸ್ ಬಡಾವಣೆಯಲ್ಲಿ ಸದ್ದಿಲ್ಲದ ಹೊತ್ತು ಅಂತ ಸಿಗುವುದು ಇವೆರಡರ ನಡುವೆ ಮಾತ್ರ. ಅಷ್ಟರಲ್ಲಿ ನೆರೇಯ್ದಾ ಸಿಂತ್ರೋನ್ ತಮ್ಮ ಮನೆಯ ಮಾರ್ಕೆಸಿನಾದ ಕಬ್ಬಿಣದ ಗೇಟು ಎಳೆದುಕೊಂಡು ಒಳಗೆ ಕೂತಾಗಿದೆ. ಕಾರು ನಿಲ್ಲಿಸಲೆಂದು ಕಟ್ಟಿಸಿದ ಜಾಗವದು. ಅಲ್ಲಿ ಕಾರು ನಿಂತು ವರ್ಷಗಳೇ ಆಗಿವೆ. ನಾಲ್ಕೂ ಕಡೆ ಹಳೆಯ ಹಾಸಿಗೆಗಳನ್ನು ಹಗ್ಗದಿಂದ ಬಿಗಿದು ನಿಲ್ಲಿಸಿದ್ದಾರೆ, ಒಳಗಿನ ಸದ್ದು ಗೋಡೆಗೆ ಬಡಿದು ವಾಪಸು ಬರಬಾರದೆಂದು. ಅವರ ಮುಂದೆ ರಬ್ಬರ್ ಗುಂಡಿಗಳಿರುವ ಚಪ್ಪಟೆ ಡ್ರಮ್ ಯಂತ್ರವೊಂದಿದೆ. ಎರಡು ಬೆರಳು ಅದರ ಮೇಲೆ ಬೀಳುತ್ತವೆ. ದುಂ, ತ-ದುಂ-ತ. ದುಂ, ತ-ದುಂ-ತ. ಇಲ್ಲಿಯವರು ಕುಣಿಯುವ ರೆಗೆಟೋನ್ ಹಾಡಿನ ಬೆನ್ನುಮೂಳೆ ಇದೇ.

ಗೇಟು ಕಿರುಗುಟ್ಟುತ್ತದೆ. ಬಲಗಾಲನ್ನು ಸ್ವಲ್ಪ ಎಳೆಯುತ್ತ ಗಮಾಲಿಯೆಲ್ ಆಯಾಲಾ ಒಳಗೆ ಬರುತ್ತಾರೆ. ಎಡಗೈಯಲ್ಲಿ ಕಾಫಿ ಫ್ಲಾಸ್ಕ್.

"ತಡ ಮಾಡ್ದೆ."

"ನೀನೇ ತಾನೆ ತಡವಾಗೇ ಬಾ ಅನ್ನೋಳು?"

"ಅದು ನಿನ್ನ ಬಾಸ್ ಸ್ವರಕ್ಕೆ ಹೇಳಿದ್ದು ಕಣೋ, ಕಾಫಿಗಲ್ಲ."

ಇದು ನೇರಿ–ಗಮಾ ಜೋಡಿ. ಈ ದ್ವೀಪದಲ್ಲಿ ಇವರು ಕಟ್ಟಿದ ಹಾಡಿಗೆ ಒಮ್ಮೆಯಾದರೂ ಹೆಜ್ಜೆ ಹಾಕದವರನ್ನು ಹುಡುಕುವುದು ಕಷ್ಟ. ಇವರನ್ನು ಬೀದಿಯಲ್ಲಿ ಕಂಡು ಗುರುತು ಹಿಡಿಯುವವರನ್ನು ಹುಡುಕುವುದು ಇನ್ನೂ ಕಷ್ಟ. ಇವರ ಪ್ರತಿ ಹಾಡೂ ಒಂದು ಹೆಣ್ಣುದನಿಯಿಂದ ಶುರುವಾಗುತ್ತದೆ. 'ಆಯ್ ಬಾ', ಅಂದರೆ 'ಅದೋ ಹೊರಟಿತು' ಎಂದು ಆ ದನಿ ಉದಾಸೀನವಾಗಿ ಹೇಳುತ್ತದೆ, ಹಿಂದೆಯೇ ಡ್ರಮ್ಮು ಬೀಳುತ್ತದೆ. ಆ ದನಿಯನ್ನು ಮಕ್ಕಳು ಆಟದಲ್ಲಿ ಅಣಕಿಸುತ್ತಾರೆ. ಅದೇ ಮಕ್ಕಳಿಗೆ, ಶಾಲೆಯ ಅಡುಗೆಮನೆಯಲ್ಲಿ ತಮಗೆ ಅನ್ನ, ಅಲಸಂದೆ ಬಡಿಸುವ ನೇರಿಯದೇ ಆ ದನಿ ಎಂದು ಗೊತ್ತಿಲ್ಲ.

"ಗೊತ್ತಾಗೋದು ಬೇಡ. ಗೊತ್ತಾದ್ರೆ ಸೌಟಲ್ಲಿ ತಾಳ ಹಾಕು ಅಂತ ಪ್ರಾಣ ತೆಗೀತಾರೆ" ಎನ್ನುತ್ತಾರೆ ನೇರಿ.

ವಯಸ್ಸು ಐವತ್ತು ಮುಟ್ಟಿರುವ ನೇರಿ ಡ್ರಮ್ಮು ಕಲಿತದ್ದು ಪ್ರಾರ್ಥನಾ ಮಂದಿರದಲ್ಲಿ. ತಂದೆ ಅಬಿಮಾಯೆಲ್ ಸಿಂತ್ರೋನ್ ಅಲ್ಲಿಯ ಪಾದ್ರಿ. ಕಾಲು ಪೆಡಲಿಗೆ ಎಟುಕುವ ಮೊದಲೇ ಮಗಳು ಕೀರ್ತನೆಗಳಿಗೆ ನುಡಿಸುತ್ತಿದ್ದಳು. ಅದೇ ಮಂದಿರದಲ್ಲಿ ಕೀಬೋರ್ಡು ನುಡಿಸುತ್ತಿದ್ದ ಹುಡುಗ ಗಮಾ. ಪ್ರಾರ್ಥನೆ ಮುಗಿದು ಮಂದಿ ಮನೆಗೆ ಹೋದಮೇಲೆ ಇಬ್ಬರೂ ಸೇರಿ ಬೇರೆಯದೇ ಒಂದನ್ನು ನುಡಿಸುತ್ತಿದ್ದರು. ಆ ಕಾಲಕ್ಕೆ ರೆಗೆಟೋನ್ ಎಂಬ ಹೆಸರೂ ಗಟ್ಟಿಯಾಗಿರಲಿಲ್ಲ. ಶಾಲೆಯ ಗೇಟಿನ ಬಳಿ ಕೈಯಿಂದ ಕೈಗೆ ದಾಟುವ ಕ್ಯಾಸೆಟ್ಟುಗಳಲ್ಲಿ ಅದು ಬದುಕಿತ್ತು. ಪೊಲೀಸರು ಅಂಗಡಿಗೆ ನುಗ್ಗಿ ಅಂಥ ಕ್ಯಾಸೆಟ್ಟುಗಳನ್ನು ಹೊತ್ತೊಯ್ದ ಸುದ್ದಿ ಟೀವಿಯಲ್ಲಿ ಬಂದರೆ ಮಂದಿರದಲ್ಲಿ 'ಆಮೆನ್' ಕೇಳಿಬರುತ್ತಿತ್ತು.

ಒಂದು ದಿನ ಯಾವುದೋ ಹುಡುಗನ ಚೀಲದಲ್ಲಿ ಅಂಥ ಕ್ಯಾಸೆಟ್ಟು ಪಾದ್ರಿಯ ಕೈಗೆ ಸಿಕ್ಕಿತು. ಅದರ ಮೇಲೆ ಯಾರ ಹೆಸರೂ ಇರಲಿಲ್ಲ. ಅವರು ಹಾಕಿ ಕೇಳಿದರು. ಹಾಡಿನ ಕೊನೆಗೆ ಡ್ರಮ್ಮಿನ ಮೇಲೆ ಉರುಳುವ ಸಣ್ಣ ಬಡಿತ ಕಿವಿಗೆ ಬಿದ್ದದ್ದೇ ಮಗಳನ್ನು ಕರೆದರು. ಕೀರ್ತನೆಗಳನ್ನೂ ಅವಳು ಮುಗಿಸುತ್ತಿದ್ದದ್ದು ಅದೇ ಬಡಿತದಿಂದ.

"ಅಪ್ಪ ಬೈಲಿಲ್ಲ, ಹೊಡೀಲಿಲ್ಲ. 'ಒಂದೇ ಕೈ ಎರಡು ಕಡೆ ಬಾರಿಸೋಕಾಗಲ್ಲ ಮಗಳೇ, ಯಾವುದು ಅಂತ ನೀನೇ ಹೇಳು' ಅಂದ್ರು. ನಾನು ಕಡ್ಡಿಗಳನ್ನ ಅಲ್ಲೇ ಇಟ್ಟು ಬಂದು ಹಿಂದಿನ ಬೆಂಚಲ್ಲಿ ಕೂತ್ಕೊಂಡೆ. ಇವತ್ತಿಗೂ ಭಾನುವಾರ ಅದೇ ಬೆಂಚು. ನಾನು ದೇವರನ್ನ ಬಿಟ್ಟಿಲ್ಲ, ಆ ಡ್ರಮ್ಮನ್ನ ಬಿಟ್ಟೆ ಅಷ್ಟೆ."

ಗಮಾ ಕೂಡ ಮಂದಿರದ ಕೀಬೋರ್ಡು ಬಿಟ್ಟರು. ಹೊಟ್ಟೆಪಾಡಿಗೆ ಏಸಿ ರಿಪೇರಿ ಕಲಿತರು, ಮಿಲ್ಡ್ರೆಡ್ ಎಂಬ ನರ್ಸನ್ನು ಮದುವೆಯಾದರು. ಜೋಡಿ ಎಂದರೆ ಗಂಡ ಹೆಂಡತಿಯೇ ಇರಬೇಕೆಂದು ತಿಳಿಯುವವರು ಇಂದಿಗೂ ಇದ್ದಾರೆ. ಹಾಡು ಕಟ್ಟಿಸಿಕೊಳ್ಳಲು ಗಾಯಕರು ಬಂದರೆ ಗಮಾನ ಕೈ ಕುಲುಕಿ, ನೇರಿಯ ಕಡೆ ತಿರುಗಿ "ಒಂದು ಲೋಟ ನೀರು ಸಿಗಬಹುದಾ ಸೆನ್ಯೋರಾ?" ಎಂದು ಕೇಳುತ್ತಿದ್ದರು. ನೇರಿ ನೀರು ತಂದುಕೊಟ್ಟು, ಬಂದು ಯಂತ್ರದ ಮುಂದೆ ಕೂತು, ಡ್ರಮ್ಮು ಶುರುಮಾಡುತ್ತಿದ್ದರು. ನೀರು ಕುಡಿಯುತ್ತಿದ್ದವರ ಮುಖ ನೋಡುವುದೇ ತನಗೊಂದು ಮಜಾ ಎಂದು ಗಮಾ ನಗುತ್ತಾರೆ.

ಕೆಲವು ವರ್ಷಗಳ ಹಿಂದಿನ ಚಂಡಮಾರುತಕ್ಕೆ ಮಾರ್ಕೆಸಿನಾದ ತಗಡು ಹಾರಿ, ಯಂತ್ರಗಳೆಲ್ಲ ನೀರಲ್ಲಿ ನೆನೆದು ಸತ್ತವು. ತಿಂಗಳುಗಟ್ಟಲೆ ಕರೆಂಟಿರಲಿಲ್ಲ. ಬೀದಿಯ ಅರ್ಧದಷ್ಟು ಜನ ದ್ವೀಪ ಬಿಟ್ಟು ಒರ್ಲಾಂಡೊ ವಿಮಾನ ಹತ್ತಿದರು. ಇವರಿಬ್ಬರೂ ಹೋಗಲಿಲ್ಲ. ಗಮಾನ ವ್ಯಾನಿನ ಬ್ಯಾಟರಿಗೆ ಯಾರೋ ಕೊಟ್ಟ ಹಳೆಯ ಲ್ಯಾಪ್‌ಟಾಪ್ ಸಿಕ್ಕಿಸಿ ಮತ್ತೆ ಶುರುಮಾಡಿದರು. ಅದನ್ನು ದೊಡ್ಡ ಸಾಹಸವೆಂದು ಇಬ್ಬರೂ ಹೇಳಿಕೊಳ್ಳುವುದಿಲ್ಲ. "ಎಲ್ಲರ ಮನೇದೂ ಹಾರಿತ್ತು" ಎಂದು ಮುಗಿಸುತ್ತಾರೆ.

ಹೇಳಿಕೊಳ್ಳಲು ಕಷ್ಟವಾಗುವುದು ಆಮೇಲಿನದು. ಎರಡು ವರ್ಷದ ಹಿಂದೆ ಯಾರದೋ ಮನೆಯ ಏಸಿ ಬಿಚ್ಚುತ್ತಿದ್ದಾಗ ಗಮಾನ ಕೈಯಿಂದ ಸ್ಕ್ರೂಡ್ರೈವರ್ ಜಾರಿತು. ಬಗ್ಗಿ ಎತ್ತಿಕೊಳ್ಳಲು ಹೋದವರು ಏಳಲಿಲ್ಲ. ಪಾರ್ಶ್ವವಾಯು. ಮಾತು ಮರಳಿತು, ಕಾಲು ಒಂದಿಷ್ಟು ಮರಳಿತು, ಬಲಗೈಯ ಬೆರಳುಗಳು ಮಾತ್ರ ಮರಳಲಿಲ್ಲ. ಆಸ್ಪತ್ರೆಗೆ ಪಾದ್ರಿ ಅಬಿಮಾಯೆಲ್ ಬಂದು ಪ್ರಾರ್ಥನೆ ಮಾಡಿದರು. ಹೊರಡುವಾಗ ಮಗಳ ಹತ್ತಿರ ನಿಂತು, "ಅವನ ಕೈ ಬಿಡಬೇಡ" ಎಂದಷ್ಟೇ ಹೇಳಿದರು. ಇಷ್ಟು ವರ್ಷಗಳಲ್ಲಿ ಆ ಸಂಗೀತದ ಬಗ್ಗೆ ಅಪ್ಪ ಆಡಿದ ಮಾತು ಅಂತ ಇದ್ದರೆ ಅದೊಂದೇ ಎಂದು ನೇರಿ ಎಣಿಸುತ್ತಾರೆ.

ಮರುದಿನವೇ ನೇರಿ ಪುಟ್ಟ ಕೀಬೋರ್ಡೊಂದನ್ನು ದಿಂಬಿನ ಚೀಲದಲ್ಲಿ ಮುಚ್ಚಿಟ್ಟುಕೊಂಡು ವಾರ್ಡಿಗೆ ಬಂದರು.

"ಬಲಗೈ ಇಲ್ಲ ಕಣೆ" ಎಂದರು ಗಮಾ.

"ಎಡಗೈಗೇನಾಗಿದೆ? ಕೆಳಗಿನ ಸ್ವರ, ಬಾಸ್ ಬಾರಿಸು. ಮೇಲಿನ ಸ್ವರ ಆಮೇಲೆ ನೋಡೋಣ."

ನೇರಿ ಮಂಚದ ಕಬ್ಬಿಣದ ಮೇಲೆ ಬೆರಳಲ್ಲಿ ತಾಳ ಹಾಕಿದರು, ಗಮಾ ಎಡಗೈ ಆಡಿಸಿದರು. ಪ್ರತಿ ಸಲವೂ ಬಾಸ್ ಒಂದು ಎಳೆಯಷ್ಟು ತಡವಾಗಿ ಬಿತ್ತು. ತಾಳ ಬಿದ್ದು ಕಣ್ಣು ಮಿಟುಕಿಸುವಷ್ಟು ಹೊತ್ತಾದ ಮೇಲೆ ಸ್ವರ. ಗಮಾನಿಗೆ ಅದು ಚೆನ್ನಾಗಿ ಗೊತ್ತಾಗುತ್ತಿತ್ತು. ನೇರಿಯ ಬೆನ್ನಲ್ಲೂ ಅದು ಹರಿದು ಹೋಯಿತು, ಆದರೆ ಬೇರೆ ಥರ.

ಮನೆಗೆ ಬಂದಮೇಲೆ ಇಬ್ಬರೂ ಮೊದಲು ಕಟ್ಟಿದ್ದು ಯಮಿಲ್ ಎಂಬ ಮಾಂಸದಂಗಡಿ ಹುಡುಗ ಹಾಡಲೆಂದು ಒಂದು ಹಾಡು. ಮೊದಲೆಲ್ಲ ವಾರದಲ್ಲಿ ಮುಗಿಯುತ್ತಿದ್ದ ಕೆಲಸಕ್ಕೆ ಒಂದಿಡೀ ಬೇಸಿಗೆ ಹಿಡಿಯಿತು. ಕೊನೆಗೊಂದು ಬೆಳಗ್ಗೆ ನೇರಿ ಅದನ್ನು ಕೇಳಿದಾಗ ಹಾಡು ಮಗ್ಗುಲು ಬದಲಿಸಿದಂತಿತ್ತು. ಬಾಸ್ ಎಲ್ಲವೂ ತಾಳದ ಮೇಲೆ ಕರಾರುವಾಕ್ಕಾಗಿ ಕೂತಿತ್ತು. ಕಂಪ್ಯೂಟರಿನಲ್ಲಿ ಅದಕ್ಕೊಂದು ಗುಂಡಿ ಸಾಕು. ಅಲ್ಲಿ ಇಲ್ಲಿ ಬಿದ್ದ ಸ್ವರಗಳನ್ನೆಲ್ಲ ಅದು ಗೆರೆಗೆ ತಂದು ನಿಲ್ಲಿಸುತ್ತದೆ.

"ಯಾರು ಮುಟ್ಟಿದ್ದು ಇದನ್ನ?"

ಗಮಾ ಫ್ಲಾಸ್ಕಿನತ್ತ ಕೈ ಚಾಚಿದರು.

"ಗಮಾ, ನಿನ್ನೇ ಕೇಳ್ತಿರೋದು."

"ನಾನೇ ಸರಿ ಮಾಡ್ದೆ. ಜನ ನಗ್ತಾರೆ ಕಣೆ. ಗಮಾನ ಕೈ ಹೋಯ್ತು ಅಂತ ಕೇಳಿದ್ರೇ ಗೊತ್ತಾಗುತ್ತೆ. ಕೈ ನೆಟ್ಟಗಿರೋ ಹುಡುಗನ್ನ ಯಾರನ್ನಾದ್ರೂ ನೋಡ್ಕೋ. ನಾನು ಕೂತು ಕೇಳ್ತೀನಿ."

"ನಿಂಗೆ ಮರುಕ ತೋರ್ಸೋಕೆ ಈ ಹೊತ್ತಲ್ಲಿ ಎದ್ದು ಬರ್ತೀನಿ ಅಂದ್ಕೊಂಡಿದೀಯಾ? ನಂಗೆ ಆ ಬಾಸ್ ಬೇಕು. ನೀನು ಮೊದಲು ಚೆನ್ನಾಗಿದ್ದಾಗ ಕೂಡ ಅದು ನಿಂಗೆ ಬರ್ತಿರ್ಲಿಲ್ಲ."

ಗಮಾ ಎದ್ದು ಹೋದರು. ಆ ವಾರವೆಲ್ಲ ಮಾರ್ಕೆಸಿನಾದ ಕಡೆ ತಲೆಹಾಕಲಿಲ್ಲ. ನೇರಿ ಮಾತ್ರ ದಿನವೂ ಎದ್ದು, ಗೇಟು ಎಳೆದುಕೊಂಡು, ಒಬ್ಬರೇ ಕೂತರು. ಡ್ರಮ್ಮು ಬಾರಿಸಲು ಮನಸ್ಸಾಗಲಿಲ್ಲ ಎಂದು ಈಗ ಹೇಳುತ್ತಾರೆ. ಕೂತದ್ದಂತೂ ನಿಜ.

ಭಾನುವಾರ ಬೆಳಗ್ಗೆ ಅವರು ಮಿಲ್ಡ್ರೆಡ್‌ಗೆ ಫೋನು ಮಾಡಿದರು. ಗಂಡನನ್ನು ಕೂರಿಸಿಕೊಂಡು ವ್ಯಾನು ತಗೊಂಡು ಬೇಕರಿ ಹತ್ತಿರ ಬಾ, ಏನೂ ಹೇಳಬೇಡ ಎಂದರು. ಬ್ರೆಡ್ಡು ಒಲೆಯಿಂದ ಬರುವ ಹೊತ್ತಿಗೆ ಅಲ್ಲಿ ಬೀದಿಯೇ ಸಾಲುಗಟ್ಟಿ ನಿಲ್ಲುತ್ತದೆ. ನೇರಿ ವ್ಯಾನಿನ ಹಿಂಬಾಗಿಲು ತೆರೆದು, ಸ್ಪೀಕರ್ ಹೊರಗೆ ತಿರುಗಿಸಿ, ಮೊದಲು ಗಮಾ ತಿದ್ದಿದ ಹಾಡು ಹಾಕಿದರು. ಸಾಲಿನಲ್ಲಿದ್ದವರು ತಲೆಯಾಡಿಸಿದರು. ಒಬ್ಬಾತ ಬೂಟು ಕುಟ್ಟಿದ. ಒಳ್ಳೆಯ ಹಾಡೇ.

ಆಮೇಲೆ ತಿದ್ದದ ಹಾಡು ಹಾಕಿದರು.

ಸಾಲಿನ ನಡುವೆ ದೊನ್ಯಾ ಪ್ರೋವಿ ನಿಂತಿದ್ದರು. ಎಂಬತ್ತರ ಮುದುಕಿ, ಸೊಂಟಕ್ಕೆ ಆಪರೇಷನ್ ಆಗಿದೆ, ಕೈಯಲ್ಲಿ ಊರುಗೋಲು. ಡ್ರಮ್ಮು ಬಿದ್ದಾಗ ಅವರ ನಡು ಒಂದು ಕಡೆಗೆ ವಾಲಿತು. ವಾಲಿದ್ದು ಅಲ್ಲೇ ನಿಂತಿತು, ಕಾಯಿತು, ಬಾಸ್ ಬಿದ್ದಾಗ ಇಳಿಯಿತು. ಹಿಂದೆ ನಿಂತ ಹೆಂಗಸಿನದೂ ಹಾಗೇ ಆಯಿತು. ನೋಡನೋಡುತ್ತ ಸಾಲು ಪೂರ್ತಿ ಒಂದು ಕಡೆ ವಾಲಿ, ಕಾದು, ಇಳಿಯತೊಡಗಿತು. ಒಳಗಿನಿಂದ "ಮುಂದಿನವರು ಯಾರು?" ಎಂದು ಕೂಗಿದರೂ ಯಾರೂ ಮುಂದೆ ಹೋಗಲಿಲ್ಲ.

"ಯಾರೇ ಇವನು ಬಾಸ್ ಬಾರಿಸ್ತಿರೋನು? ಬಂದೆ ಬಂದೆ ಅಂತ ಕಾಯಿಸ್ತಾನಲ್ಲ, ತೀರ್ಕೊಂಡ ನಮ್ಮನೆಯೋರ ಥರ" ಎಂದರು ದೊನ್ಯಾ ಪ್ರೋವಿ.

"ಅವರೇನು ಕೊನೆಗೆ ಬರ್ತಿದ್ರಾ?" ಎಂದಳು ಹಿಂದಿನ ಹೆಂಗಸು.

"ಬರ್ತಿದ್ರು ಕಣೇ. ಅದಕ್ಕೇ ಕಾಯ್ತಿದ್ದೆ."

ಸಾಲೆಲ್ಲ ನಕ್ಕಿತು. ವ್ಯಾನಿನ ಮುಂದಿನ ಸೀಟಿನಲ್ಲಿ ಗಮಾ ಮುಖ ಆಚೆ ತಿರುಗಿಸಿಕೊಂಡರು. ಭುಜ ಅಲುಗುತ್ತಿತ್ತು. ನಗುತ್ತಿದ್ದರೋ ಅಳುತ್ತಿದ್ದರೋ ಎಂದು ಮಿಲ್ಡ್ರೆಡ್‌ಗೂ ಗೊತ್ತಾಗಲಿಲ್ಲವಂತೆ. ಕೇಳಿದರೆ ಗಮಾ, "ಅವತ್ತು ನಂಗೆ ಹಸಿವಾಗಿತ್ತು, ಅಷ್ಟೇ ನೆನಪು" ಎಂದು ಜಾರಿಕೊಳ್ಳುತ್ತಾರೆ. ಸೋಮವಾರ ನೇರಿ ಗೇಟು ತೆಗೆಯುವ ಮೊದಲೇ ಅವರು ಹೊರಗೆ ಬಂದು ನಿಂತಿದ್ದರು.

ಯಮಿಲ್‌ನ ಹಾಡು ಮನೆಮನೆಯ ಮಾರ್ಕೆಸಿನಾ ಪಾರ್ಟಿಗಳಲ್ಲಿ ಹಬ್ಬಿತು, ಬಸ್ಸುಗಳಿಗೆ ಹತ್ತಿತು, ಕಡಲತೀರದ ಅಂಗಡಿಗಳಿಗೆ ಇಳಿಯಿತು. ಒಂದು ದಿನ ದೊಡ್ಡ ಕಂಪನಿಯೊಂದರಿಂದ ಫೋನು ಬಂತು. ಹೆಸರಾಂತ ಗಾಯಕನಿಗೆ ಇದೇ ಥರದ್ದು ಬೇಕು, ಬಾಸ್ ಒಂದಿಷ್ಟು ಸರಿಪಡಿಸಿ ಕಳಿಸಿ ಎಂದರು. ಮಾತಾಡುತ್ತಿದ್ದವರು ಸಭ್ಯರು, ದನಿಯಲ್ಲಿ ಗೌರವವಿತ್ತು. ನೇರಿ ಉತ್ತರಿಸಲು ಬಾಯಿ ತೆರೆದಿದ್ದರು. ಗಮಾ ಎಡಗೈ ಚಾಚಿ ಫೋನು ಇಸಕೊಂಡರು.

"ತಪ್ಪಲ್ಲ ಸ್ವಾಮಿ ಅದು. ನನ್ನ ಕೈ ಅದು. ಬೇಕಾದ್ರೆ ಹಂಗೇ ತಗೊಳ್ಳಿ."

ಆಲೋಚಿಸಿ ತಿಳಿಸುತ್ತೇವೆ ಎಂದರು. ಇಲ್ಲಿಯವರೆಗೆ ತಿಳಿಸಿಲ್ಲ. ಆ ಹೆಸರಾಂತ ಗಾಯಕನ ಹೊಸ ಹಾಡು ಬೇರೆಯವರ ಸಂಗೀತದಲ್ಲಿ ಬಂದು ಎಲ್ಲೆಡೆ ಕೇಳುತ್ತಿದೆ. ನೇರಿ ಅಡುಗೆಮನೆಯ ರೇಡಿಯೊದಲ್ಲಿ ಅದನ್ನು ಕೇಳಿದ್ದಾರೆ. ಚೆನ್ನಾಗಿದೆ ಎಂದೂ ಹೇಳುತ್ತಾರೆ. ಬೇಸರವಾಗಲಿಲ್ಲವೇ ಎಂದರೆ ತೊಳೆಯುತ್ತಿದ್ದ ಪಾತ್ರೆಯಿಂದ ಕಣ್ಣೆತ್ತುವುದಿಲ್ಲ. "ಆಯ್ತು. ಒಂದು ಮಧ್ಯಾಹ್ನ ಪೂರ್ತಿ ಆಯ್ತು. ಆಮೇಲೆ ಮಾರನೇ ದಿನ ಬೇಗ ಏಳ್ಬೇಕಿತ್ತಲ್ಲ."

ಈಗ ಇವರ ಹತ್ತಿರ ಹಾಡಲು ಬರುತ್ತಿರುವವಳು ಸುಲೇಯ್ಕಾ. ಮೀನಿನ ಮಾರುಕಟ್ಟೆಯಲ್ಲಿ ಕೆಲಸ, ತೋಳು ಬೀಸಿ ಮಾತಾಡುವ ಹುಡುಗಿ, ದನಿ ಮರಳಿನ ಹಾಗೆ ಒರಟು. ಎಲ್ಲ ಕಡೆ ಕೇಳಿ, ಕೊನೆಗೆ "ಆ ಕಾಯಿಸೋ ಬಾಸ್ ಬಾರಿಸೋರ ಮನೆ ಯಾವುದು?" ಎಂದು ವಿಚಾರಿಸಿಕೊಂಡು ಈ ಗೇಟಿಗೆ ಬಂದವಳು. ತುಂಬು ಬಸುರಿ. ಹೊಟ್ಟೆ ಬೆಳೆದಂತೆಲ್ಲ ಉಸಿರು ಗಿಡ್ಡವಾಗುತ್ತಿದೆ, ಉದ್ದದ ಸಾಲುಗಳನ್ನು ನಡುವೆ ಮುರಿಯಬೇಕಾಗುತ್ತಿದೆ. ಹೆರಿಗೆ ಆದಮೇಲೆ ಹಾಡೋಣವೇ ಎಂದು ಗಮಾ ಕೇಳಿ ನೋಡಿದರು. ಹುಡುಗಿ ಒಪ್ಪಲಿಲ್ಲ, ನೇರಿಯೂ ಒಪ್ಪಲಿಲ್ಲ.

ಇವತ್ತು ಅವಳು ಮೈಕಿನ ಮುಂದೆ ನಿಂತಿದ್ದಾಳೆ, ಒಂದು ಕೈ ಸೊಂಟಕ್ಕೆ ಕೊಟ್ಟು. ಸಾಲು ಅರ್ಧಕ್ಕೇ ತುಂಡಾಗುತ್ತದೆ. "ಇನ್ನೊಂದ್ಸಲ ಹಾಡ್ತೀನಿ" ಎನ್ನುತ್ತಾಳೆ.

"ಬೇಡ. ಅಲ್ಲೇ ಉಸಿರು ತಗೋ. ಗಮಾ, ಅವಳು ಉಸಿರು ತಗೊಳ್ಳೋವರೆಗೂ ನಿನ್ನ ಬಾಸ್ ನಿಲ್ಲಿಸು" ಎನ್ನುತ್ತಾರೆ ನೇರಿ.

ಗಮಾ ನಿಲ್ಲಿಸುತ್ತಾರೆ. ಹುಡುಗಿ ಉಸಿರೆಳೆದುಕೊಳ್ಳುತ್ತಾಳೆ, ಅದೂ ಮೈಕಿಗೆ ಬೀಳುತ್ತದೆ. ಮತ್ತೆ ಎಲ್ಲವೂ ಒಟ್ಟಿಗೆ ಇಳಿಯುತ್ತದೆ. ಮೂವರೂ ಒಬ್ಬರನ್ನೊಬ್ಬರು ನೋಡುತ್ತಾರೆ.

ಇವತ್ತಿನ ಕೆಲಸ ಅಲ್ಲಿಗೆ ನಿಲ್ಲಿಸಿ ನೇರಿ ಶಾಲೆಗೆ ಹೊರಡುತ್ತಾರೆ. ನಿಮಗೊಂದು ಆಸೆ ಅಂತ ಇದ್ದರೆ ಯಾವುದು ಎಂಬ ಪ್ರಶ್ನೆಗೆ ಏಪ್ರನ್ ಮಡಚುತ್ತ ಉತ್ತರಿಸುತ್ತಾರೆ.

"ಮಗು ಹುಟ್ಟೋ ಮುಂಚೆ ಹಾಡು ಮುಗೀಬೇಕು. ದೊಡ್ಡದಾದ ಮೇಲೆ ಅದಕ್ಕೆ ಕೇಳಿಸ್ತೀವಿ. ನಿಮ್ಮಮ್ಮ ಇಲ್ಲಿ ಉಸಿರು ತಗೊಂಡಿದ್ದು ನಿಂಗೋಸ್ಕರ, ಅಲ್ಲೀವರೆಗೂ ನಾವಿಬ್ಬರೂ ಕಾದ್ವಿ ಅಂತ ಹೇಳ್ತೀವಿ."